ಗಾಳಿ ಬಂದರಷ್ಟೇ ಓಟ: ದುಬೈಯ ಹಾಯಿದೋಣಿಗಳು

ಗಲ್ಫಿನಲ್ಲಿ ದುಡಿಯುವ ಒಬ್ಬರಾದರೂ ಇಲ್ಲದ ಬ್ಯಾರಿ ಮನೆ ಸಿಗುವುದು ಕಷ್ಟ. ದುಬೈ ಅಂದ ಕೂಡಲೇ ನಮಗೆ ನೆನಪಾಗುವುದು ಎತ್ತರದ ಕಟ್ಟಡ, ರಜೆಯಲ್ಲಿ ಬರುವವರ ಪೆಟ್ಟಿಗೆ. ಆದರೆ ತೈಲ ಸಿಗುವ ಮೊದಲು ಆ ಕರಾವಳಿ ಬದುಕಿದ್ದು ಮುತ್ತು ಮತ್ತು ಮರದ ಹಾಯಿದೋಣಿಯಿಂದ. ಅದನ್ನು ನೆನಪಿಸುವ ಸ್ಪರ್ಧೆಯೇ ‘ಅಲ್ ಗಫ್ಫಾಲ್’. ಮುತ್ತಿನ ಋತು ಮುಗಿಸಿ ದೋಣಿಗಳು ಮನೆಗೆ ಮರಳುವುದಕ್ಕೆ ಅಲ್ಲಿಯವರ ಹೆಸರು ಅದು.

ಬೇಸಿಗೆಯ ಸುಮಾರು ನಾಲ್ಕು ತಿಂಗಳು ಗಂಡಸರು ಕಡಲಲ್ಲೇ ಇರುತ್ತಿದ್ದರು. ಮೂಗಿಗೆ ಕ್ಲಿಪ್ಪು, ಕಾಲಿಗೆ ಕಲ್ಲು ಕಟ್ಟಿಕೊಂಡು ಉಸಿರು ಹಿಡಿದು ಮುಳುಗುವುದು. ಮೇಲೆ ಹಗ್ಗ ಹಿಡಿದವನು ಎಳೆದರೆ ಜೀವ ಉಳಿಯಿತು. ಎಷ್ಟೋ ಮಂದಿ ನಾಖುದಾನ ಸಾಲದಲ್ಲೇ ಮುಳುಗಿ ಹೋದರು. ಜಪಾನಿನ ಕೃಷಿ ಮುತ್ತು ಮಾರುಕಟ್ಟೆಗೆ ಬಂದು, 1930ರ ದಶಕದಲ್ಲಿ ಆ ವ್ಯಾಪಾರ ಕುಸಿಯಿತು.

ಶೇಖ್ ಹಮ್ದಾನ್ ಬಿನ್ ರಾಶಿದ್ ಅವರ ಆಸಕ್ತಿಯಿಂದ 1991ರಲ್ಲಿ ಈ ಓಟ ಶುರುವಾಯಿತು. ಸರ್ ಬು ನಾಯರ್ ದ್ವೀಪದಿಂದ ದುಬೈ ಕಡಲತೀರದವರೆಗೆ 50ಕ್ಕೂ ಹೆಚ್ಚು ನಾಟಿಕಲ್ ಮೈಲಿ, ಅಂದರೆ ಸುಮಾರು 90 ಕಿಲೋಮೀಟರ್. ಈಗ ಓಡುವುದು 60 ಅಡಿಯ ದೋಣಿಗಳು. ಇಂಜಿನ್ನಿನ ಬಲ ಇಲ್ಲ. ಗಾಳಿ ಸರಿಯಿಲ್ಲದಿದ್ದರೆ ಓಟವನ್ನೇ ಮುಂದೂಡುತ್ತಾರೆ. ದುಡ್ಡು ಎಷ್ಟಿದ್ದರೂ ಗಾಳಿ ಖರೀದಿಗೆ ಸಿಗುವುದಿಲ್ಲವಲ್ಲ!

ಇದರಲ್ಲಿ ನಾವು ಗಮನಿಸಬೇಕಾದ ವಿಷಯ ಒಂದಿದೆ. ದೋಣಿಯನ್ನು ಮ್ಯೂಸಿಯಮ್ಮಿನಲ್ಲಿಟ್ಟರೆ ಆಕಾರ ಉಳಿಯುತ್ತದೆ, ಕಸುಬು ಉಳಿಯುವುದಿಲ್ಲ. ಓಟವಿದ್ದರೆ ಹಲಗೆ ಕೂರಿಸುವ ಬಡಗಿ ಬೇಕು, ಹಾಯಿ ಎತ್ತುವ ಹುಡುಗರು ಬೇಕು, ಗಾಳಿಯ ಗುರುತು ಬಲ್ಲ ನಾಖುದಾ ಬೇಕು. ಹಿರಿಯರ ತಿಳಿವಳಿಕೆ ಮಕ್ಕಳ ಕೈಗೆ ದಾಟುವುದು ಹಾಗೆ.

ಈ ಕಥೆಯಲ್ಲಿ ನಮ್ಮ ಕಡಲಿಗೂ ಪಾಲಿದೆ. ಅರಬರ ದೋಣಿಗಳಿಗೆ ಮಲಬಾರಿನ ಸಾಗುವಾನಿ ಹೋಗುತ್ತಿತ್ತು. ಬೇಪೂರಿನ ಉರುಗಳನ್ನು ಗಲ್ಫಿನವರು ಈಗಲೂ ಮಾಡಿಸಿಕೊಳ್ಳುತ್ತಾರೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿಗಳನ್ನು ನಾವೆಲ್ಲ ನೋಡಿದ್ದೇವೆ; ಅವುಗಳಿಗೀಗ ಇಂಜಿನ್ ಬಂದಿದೆ. ಬ್ಯಾರಿ ಎಂಬ ಹೆಸರೇ ‘ಬ್ಯಾರ’, ಅಂದರೆ ವ್ಯಾಪಾರದಿಂದ ಬಂದದ್ದು ಎನ್ನುವವರಿದ್ದಾರೆ. ಆ ವ್ಯಾಪಾರ ನಡೆದದ್ದು ಇಂಥ ಹಾಯಿಗಳ ಮೇಲೆಯೇ.

ಸೂರಃ ಅರ್‌ರಹ್ಮಾನಿನಲ್ಲಿ ಮುತ್ತು, ಹವಳ, ಕಡಲ ಹಡಗುಗಳ ಪ್ರಸ್ತಾಪ ಹತ್ತಿರ ಹತ್ತಿರವೇ ಬರುತ್ತದೆ. ನಾವು ಅದನ್ನು ಎಷ್ಟು ಸಲ ಓದಿಲ್ಲ! ದಕ್ಕೆಯಲ್ಲಿ ದುಡಿದ, ಮಂಜಿ ಹತ್ತಿದ ಅಜ್ಜಂದಿರು ಇನ್ನೂ ಕೆಲವು ಮನೆಗಳಲ್ಲಿದ್ದಾರೆ. ದುಬೈಯವರು ದೋಣಿ ಓಡಿಸಿ ನೆನಪು ಉಳಿಸಿಕೊಂಡರು. ನಮ್ಮ ಮಕ್ಕಳು ಈ ಶುಕ್ರವಾರ ಜುಮಾ ಮುಗಿಸಿ ಬಂದು ಅಜ್ಜನ ಹತ್ತಿರ ಅರ್ಧ ಗಂಟೆ ಕೂತು ಕೇಳಿದರೂ ಸಾಕು.