ಹೆಲಿಕಾಪ್ಟರ್ ಕಲಿಯಲು ಅಮೆರಿಕಕ್ಕೆ: ಹಣ ಕಟ್ಟುವ ಮುನ್ನ ವೀಸಾ ಯಾವುದೆಂದು ಕೇಳಿ

ನಮ್ಮ ಕರಾವಳಿಯವರಿಗೆ 'ವೀಸಾ' ಎಂಬ ಶಬ್ದ ಹೊಸತಲ್ಲ. ಗಲ್ಫ್ ರಾಷ್ಟ್ರಗಳಲ್ಲಿ ದುಡಿದವರು, ಈಗಲೂ ದುಡಿಯುತ್ತಿರುವವರು ನಮ್ಮ ಅನೇಕ ಮನೆಗಳಲ್ಲಿದ್ದಾರೆ. ಅಲ್ಲಿ ಸಾಮಾನ್ಯವಾಗಿ ಕೆಲಸ ಕೊಡುವ ಕಂಪನಿಯೇ ವೀಸಾ ಮಾಡಿಸುತ್ತದೆ. ಆದ್ದರಿಂದ 'ವೀಸಾ ಬಂತು' ಎಂದರೆ 'ಕೆಲಸ ಸಿಕ್ಕಿತು' ಎಂದೇ ನಾವು ತಿಳಿದುಕೊಂಡು ಬಂದಿದ್ದೇವೆ. ಇದೇ ಲೆಕ್ಕದಲ್ಲಿ ಅಮೆರಿಕದ ವಿದ್ಯಾರ್ಥಿ ವೀಸಾವನ್ನೂ ನೋಡಿದರೆ ಮಾತ್ರ ತಪ್ಪಾಗುತ್ತದೆ. ಅದು ಕಲಿಯಲು ಕೊಡುವ ಅನುಮತಿ. ದುಡಿಯಲು ಅವಕಾಶ ಇದೆಯೋ, ಇದ್ದರೆ ಎಷ್ಟು ದಿನ ಎಂಬುದನ್ನು ವೀಸಾದ ವರ್ಗವೇ ನಿರ್ಧರಿಸುತ್ತದೆ.

ಪಿಯುಸಿ ಮುಗಿಸಿದ ಮಕ್ಕಳು ಪೈಲಟ್ ಆಗುವ ಆಸೆಯನ್ನು ಹೆತ್ತವರ ಮುಂದಿಡುವುದು ಈಗ ಅಪರೂಪವಲ್ಲ. ಅವರಲ್ಲಿ ಕೆಲವರ ಕಣ್ಣು ಹೆಲಿಕಾಪ್ಟರ್ ಮೇಲಿರುತ್ತದೆ. ಬೆಂಗಳೂರಿನಲ್ಲಿ ಎಚ್‌ಎಎಲ್ ಸಂಸ್ಥೆಯ ಹೆಲಿಕಾಪ್ಟರ್ ತರಬೇತಿ ಅಕಾಡೆಮಿ ಇದ್ದರೂ ಅಮೆರಿಕದ ಶಾಲೆಗಳು ಅನೇಕರನ್ನು ಸೆಳೆಯುತ್ತವೆ. ಈ ತರಬೇತಿ ಚಿಕ್ಕ ವಿಮಾನದ ತರಬೇತಿಗಿಂತಲೂ ದುಬಾರಿ. ಮನೆ ಅಥವಾ ತೋಟದ ಮೇಲೆ ಸಾಲ ಎತ್ತಿ ಮಕ್ಕಳನ್ನು ಕಳುಹಿಸುವ ಕುಟುಂಬಗಳು ಈ ವಿಷಯವನ್ನು ಮೊದಲೇ ಸರಿಯಾಗಿ ತಿಳಿದಿರಬೇಕು.

ಲೈಸನ್ಸ್ ಸಿಕ್ಕಿದರೆ ಕೆಲಸ ಸಿಕ್ಕಿದಂತೆಯೇ?

ಅಮೆರಿಕದ ನಿಯಮದಂತೆ ಖಾಸಗಿ ಹೆಲಿಕಾಪ್ಟರ್ ಲೈಸನ್ಸಿಗೆ ಕನಿಷ್ಠ 40 ಗಂಟೆ, ಸಂಬಳಕ್ಕೆ ಹಾರಿಸುವ ಕಮರ್ಷಿಯಲ್ ಲೈಸನ್ಸಿಗೆ ಸಾಮಾನ್ಯವಾಗಿ ಕನಿಷ್ಠ 150 ಗಂಟೆ ಹಾರಾಟದ ಅನುಭವ ಬೇಕು. ಆದರೆ 150 ಗಂಟೆಯ ಪೈಲಟನ ಕೈಗೆ ದೊಡ್ಡ ಹೆಲಿಕಾಪ್ಟರನ್ನು ಕೊಡುವ ಕಂಪನಿಗಳು ಕಡಿಮೆ. ಅಲ್ಲಿನ ಕಂಪನಿಗಳು ಸಾಮಾನ್ಯವಾಗಿ ಸಾವಿರ ಗಂಟೆಯ ಆಸುಪಾಸಿನ ಅನುಭವ ಇದ್ದವರನ್ನು ಹುಡುಕುತ್ತವೆ.

ಹಾಗಾದರೆ ಉಳಿದ ಎಂಟುನೂರೈವತ್ತು ಗಂಟೆ ಎಲ್ಲಿಂದ ಬರಬೇಕು? ಕೈಯಿಂದ ಹಣ ಕೊಟ್ಟು ಹಾರಿಸಲು ಯಾರಿಂದಲೂ ಆಗದು. ಅಲ್ಲಿನ ಯುವ ಪೈಲಟರು ಬೋಧಕರ ಲೈಸನ್ಸನ್ನೂ ಪಡೆದು, ಹೊಸಬರಿಗೆ ಕಲಿಸುತ್ತಾ ಸಂಬಳವನ್ನೂ ಗಂಟೆಗಳನ್ನೂ ಕೂಡಿಸಿಕೊಳ್ಳುತ್ತಾರೆ. ಅದಕ್ಕೂ ಷರತ್ತುಗಳಿವೆ. ಶಾಲೆಗಳಲ್ಲಿ ಹೆಚ್ಚಾಗಿ ಬಳಸುವ ರಾಬಿನ್ಸನ್ ಆರ್22 ಎಂಬ ಎರಡು ಆಸನದ ಹೆಲಿಕಾಪ್ಟರಿನಲ್ಲಿ ಕಲಿಸಬೇಕಾದರೆ ಬೋಧಕನಿಗೆ ಹೆಲಿಕಾಪ್ಟರಿನಲ್ಲಿ 200 ಗಂಟೆಯ ಅನುಭವ ಇರಬೇಕು. ಅದರಲ್ಲಿ 50 ಗಂಟೆ ಆರ್22ರಲ್ಲೇ ಆಗಿರಬೇಕು.

ಅಮೆರಿಕದ ಪ್ರಜೆಗೆ ಈ ದಾರಿ ತೆರೆದಿದೆ. ವಿದೇಶಿ ವಿದ್ಯಾರ್ಥಿಗೆ ತೆರೆದಿದೆಯೇ ಎಂಬುದು ಅವನ ವೀಸಾದ ಮೇಲೆ ನಿಂತಿದೆ.

ಎಂ-1 ಮತ್ತು ಎಫ್-1: ವ್ಯತ್ಯಾಸವೇನು?

ಹೆಲಿಕಾಪ್ಟರ್ ಕಲಿಯಲು ಹೋಗುವವರಿಗೆ ಸಿಗುವುದು ಮುಖ್ಯವಾಗಿ ಎರಡು ಬಗೆಯ ವೀಸಾ.

ಒಂದನೆಯದು ಎಂ-1. ಇದು ವೃತ್ತಿ ತರಬೇತಿಯ ವೀಸಾ. ಹೆಚ್ಚಿನ ಹಾರಾಟ ಶಾಲೆಗಳು ಕೊಡಿಸುವುದು ಇದನ್ನೇ. ಮೊದಲಿಗೆ ಒಂದು ವರ್ಷದವರೆಗೆ ಇರಲು ಅವಕಾಶ. ಕಾರಣ ಕೊಟ್ಟು ವಿಸ್ತರಿಸಿಕೊಂಡರೂ ಒಟ್ಟು ಮೂರು ವರ್ಷ ಮೀರುವಂತಿಲ್ಲ. ಕಲಿಯುವ ಅವಧಿಯಲ್ಲಿ ದುಡಿಯುವಂತಿಲ್ಲ. ಕೋರ್ಸ್ ಮುಗಿದ ಮೇಲೆ, ಪ್ರತಿ ನಾಲ್ಕು ತಿಂಗಳ ಕಲಿಕೆಗೆ ಒಂದು ತಿಂಗಳಿನಂತೆ, ಹೆಚ್ಚೆಂದರೆ ಆರು ತಿಂಗಳ ಪ್ರಾಯೋಗಿಕ ತರಬೇತಿಗೆ ಅನುಮತಿ ಕೇಳಬಹುದು. ಒಂದು ವರ್ಷ ಕಲಿತವನಿಗೆ ಸಿಗುವುದು ಮೂರೇ ತಿಂಗಳು. ಸಾವಿರ ಗಂಟೆ ಮುಟ್ಟಲು ಇದು ಸಾಲದು. ಅಲ್ಲಿಗೆ ಹೋದ ಮೇಲೆ ಎಂ-1ನ್ನು ಎಫ್-1ಕ್ಕೆ ಬದಲಾಯಿಸಿಕೊಳ್ಳಲೂ ಆಗುವುದಿಲ್ಲ. ಆರು ತಿಂಗಳು ಕಳೆದ ಮೇಲೆ, ತನ್ನ ಕೈಮೀರಿದ ಕಾರಣವಿಲ್ಲದೆ, ಶಾಲೆಯನ್ನು ಬದಲಿಸುವಂತಿಲ್ಲ.

ಎರಡನೆಯದು ಎಫ್-1. ಕಾಲೇಜು, ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಪಡೆಯುವ ವೀಸಾ ಇದು. ಕಾಲೇಜಿನ ಪದವಿಯೊಡನೆ ಸೇರಿಕೊಂಡ ಹೆಲಿಕಾಪ್ಟರ್ ಕೋರ್ಸುಗಳಿಗೂ, ಇದಕ್ಕೆ ಮಾನ್ಯತೆ ಪಡೆದ ಕೆಲವೇ ಶಾಲೆಗಳಿಗೂ ಇದು ದೊರೆಯುತ್ತದೆ. ಅರ್ಹತೆ ಇದ್ದವರು ಕಲಿತ ವಿದ್ಯೆಗೆ ಸಂಬಂಧಪಟ್ಟ ಕೆಲಸವನ್ನು 12 ತಿಂಗಳವರೆಗೆ ಮಾಡಲು ಅನುಮತಿ ಪಡೆಯಬಹುದು. ಹಾರಾಟ ಕಲಿತವನಿಗೆ ಬೋಧಕನ ಕೆಲಸವೇ ಅದು. ಆದರೆ ಅನುಮತಿ ಸಿಕ್ಕಿದ ಮಾತ್ರಕ್ಕೆ ಕೆಲಸ ಖಚಿತವಲ್ಲ. ಅದನ್ನು ಹುಡುಕಿಕೊಳ್ಳುವುದು ವಿದ್ಯಾರ್ಥಿಯ ಹೊಣೆ.

ಹಿಂದೆ ಮೂರನೆಯ ದಾರಿಯೊಂದಿತ್ತು. ಜೆ-1 ವೀಸಾದಲ್ಲಿ ಎರಡು ವರ್ಷದವರೆಗೆ ಕಲಿತು, ಕಲಿಸಿ, ಗಂಟೆ ಕೂಡಿಸಿಕೊಳ್ಳಲು ಕೆಲವು ಹೆಲಿಕಾಪ್ಟರ್ ಶಾಲೆಗಳಲ್ಲಿ ಅವಕಾಶವಿತ್ತು. 2010ರಲ್ಲಿ ಹಾರಾಟ ತರಬೇತಿಗೆ ಈ ಸೌಲಭ್ಯ ನಿಂತಿತು. 'ನನ್ನ ಗುರುತಿನವನೊಬ್ಬ ಹೋಗಿ ಎರಡು ವರ್ಷ ದುಡಿದು ಬಂದ' ಎಂದು ಯಾರಾದರೂ ಹೇಳಿದರೆ, ಅವನು ಹೋದ ವರ್ಷ ಯಾವುದೆಂದು ಕೇಳಿರಿ.

ಪ್ರವಾಸಿ ವೀಸಾದಲ್ಲಿ ಹೋಗಿ ಲೈಸನ್ಸಿನ ಕೋರ್ಸಿಗೆ ಸೇರಿಕೊಳ್ಳಬಹುದು ಎಂಬ ಸಲಹೆಗೆ ಎಂದಿಗೂ ಕಿವಿಗೊಡಬೇಡಿ. ಅದು ಕಾನೂನಿಗೆ ವಿರುದ್ಧ.

ಇಷ್ಟೊಂದು ಬಿಗಿ ಏಕೆ?

2001ರ ಸೆಪ್ಟೆಂಬರ್ 11ರ ದಾಳಿ ನಡೆಸಿದವರಲ್ಲಿ ಕೆಲವರು ಅಮೆರಿಕದ ಹಾರಾಟ ಶಾಲೆಗಳಲ್ಲೇ ಕಲಿತವರು. ಅವರಲ್ಲಿ ಇಬ್ಬರಿಗೆ ವಿದ್ಯಾರ್ಥಿಗಳಾಗಿರಲು ಒಪ್ಪಿಗೆ ಸಿಕ್ಕಿದ ಕಾಗದ, ಅವರು ಸತ್ತು ಸರಿಯಾಗಿ ಆರು ತಿಂಗಳಿಗೆ, 2002ರ ಮಾರ್ಚ್‌ನಲ್ಲಿ, ಫ್ಲಾರಿಡಾದ ಶಾಲೆಗೆ ಬಂದು ತಲುಪಿತು. ಇಡೀ ದೇಶ ಬೆಚ್ಚಿಬಿತ್ತು. ವಿದೇಶಿ ವಿದ್ಯಾರ್ಥಿಗಳ ಮೇಲೆ ಕಣ್ಣಿಡುವ 'ಸೆವಿಸ್' ಎಂಬ ಕಂಪ್ಯೂಟರ್ ವ್ಯವಸ್ಥೆ 2003ರಲ್ಲಿ ಕಡ್ಡಾಯವಾಯಿತು. ವಿದ್ಯಾರ್ಥಿ ಶಾಲೆಗೆ ಬಂದನೇ, ಕೋರ್ಸ್ ಬಿಟ್ಟನೇ, ವಿಳಾಸ ಬದಲಿಸಿದನೇ ಎಂಬುದೆಲ್ಲವನ್ನೂ ಶಾಲೆ ಅದರಲ್ಲಿ ದಾಖಲಿಸಬೇಕು.

ಇದಲ್ಲದೆ ಅಮೆರಿಕದ ಸಾರಿಗೆ ಭದ್ರತಾ ಇಲಾಖೆಯಾದ ಟಿಎಸ್‌ಎಯಿಂದ ಪ್ರತ್ಯೇಕ ಒಪ್ಪಿಗೆಯೂ ಬೇಕು. ಬೆರಳಚ್ಚು ಕೊಟ್ಟು, ಶುಲ್ಕ ಕಟ್ಟಿ, ಹಿನ್ನೆಲೆಯ ತನಿಖೆ ಮುಗಿದು ಒಪ್ಪಿಗೆ ಬರುವ ತನಕ ಶಾಲೆ ಹಾರಾಟದ ಪಾಠ ಆರಂಭಿಸುವಂತಿಲ್ಲ. ವೀಸಾ ಸಿಕ್ಕಿತು ಎಂದರೆ ಈ ಒಪ್ಪಿಗೆಯೂ ಸಿಕ್ಕಿತು ಎಂದಲ್ಲ. ಎರಡೂ ಬೇರೆ ಬೇರೆ.

ಅರ್ಜಿಯ ಕ್ರಮ

ಮೊದಲು ಶಾಲೆ ಸೇರಿಸಿಕೊಂಡು 'ಐ-20' ಎಂಬ ಪತ್ರ ಕಳುಹಿಸುತ್ತದೆ. ವಿದೇಶಿಯರನ್ನು ಸೇರಿಸಿಕೊಳ್ಳಲು ಸರಕಾರದ ಮಾನ್ಯತೆ ಇರುವ ಶಾಲೆಗೆ ಮಾತ್ರ ಇದನ್ನು ಕೊಡುವ ಅಧಿಕಾರ. ಕೋರ್ಸ್ ಯಾವುದು, ಎಷ್ಟು ಅವಧಿ, ಒಟ್ಟು ಖರ್ಚೆಷ್ಟು, ವೀಸಾ ಎಂ ಆಗಿದೆಯೇ ಎಫ್ ಆಗಿದೆಯೇ ಎಂಬುದೆಲ್ಲ ಅದರಲ್ಲಿದೆ. ಈ ಪತ್ರವನ್ನು ಹೆತ್ತವರೂ ಕುಳಿತು ಓದಬೇಕು.

ಅನಂತರ ಸೆವಿಸ್ ಶುಲ್ಕ ಕಟ್ಟಬೇಕು. 2019ರಿಂದ ಅದು 350 ಡಾಲರ್. ಬಳಿಕ ಡಿಎಸ್-160 ಎಂಬ ಅರ್ಜಿ ತುಂಬಿ ವೀಸಾ ಶುಲ್ಕ ಕಟ್ಟಬೇಕು. 2023ರಲ್ಲಿ ಅದನ್ನು 185 ಡಾಲರಿಗೆ ಏರಿಸಲಾಯಿತು. ಶುಲ್ಕಗಳು ಬದಲಾಗುವುದುಂಟು, ಕಟ್ಟುವ ದಿನ ಅಮೆರಿಕದ ರಾಯಭಾರ ಕಚೇರಿಯ ಜಾಲತಾಣವನ್ನೇ ನೋಡಿರಿ. ವೀಸಾ ನಿರಾಕರಿಸಿದರೂ ಅರ್ಜಿಯ ಶುಲ್ಕ ಹಿಂದೆ ಬರುವುದಿಲ್ಲ.

2025ರಲ್ಲಿ ಎರಡು ಬದಲಾವಣೆಗಳಾದವು. ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕೆಂದು ಜೂನ್‌ನಲ್ಲಿ ಸೂಚಿಸಲಾಯಿತು. ಸ್ವದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲೇ ಸಂದರ್ಶನಕ್ಕೆ ಹಾಜರಾಗಬೇಕೆಂದು ಸೆಪ್ಟೆಂಬರ್‌ನಲ್ಲಿ ತಿಳಿಸಲಾಯಿತು. ಗಲ್ಫ್‌ನಲ್ಲಿ ಹೆತ್ತವರೊಡನೆ ವಾಸವಾಗಿರುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು.

ಸಂದರ್ಶನದಲ್ಲಿ ಅಧಿಕಾರಿ ಮುಖ್ಯವಾಗಿ ಮೂರು ಸಂಗತಿ ನೋಡುತ್ತಾರೆ: ನಿಜವಾಗಿ ಕಲಿಯಲು ಹೋಗುತ್ತಿದ್ದಾನೆಯೇ, ಖರ್ಚಿಗೆ ಹಣವಿದೆಯೇ, ಮುಗಿಸಿ ಊರಿಗೆ ಮರಳುತ್ತಾನೆಯೇ. ಅರ್ಜಿದಾರ ಅಲ್ಲೇ ನೆಲೆಸಲು ಬರುತ್ತಿದ್ದಾನೆ ಎಂದೇ ಅಲ್ಲಿನ ಕಾನೂನು ಮೊದಲಿಗೆ ಎಣಿಸುತ್ತದೆ. ಅಲ್ಲವೆಂದು ಮನಗಾಣಿಸುವುದು ಅರ್ಜಿದಾರನ ಹೊಣೆ. ಏಜೆಂಟರು ಬಾಯಿಪಾಠ ಮಾಡಿಸಿದ ಉತ್ತರಕ್ಕಿಂತ ನೇರವಾದ ಸತ್ಯವೇ ಮೇಲು. ಬ್ಯಾಂಕಿನಲ್ಲಿ ನಾಲ್ಕು ದಿನದ ಮಟ್ಟಿಗೆ ತೋರಿಸಲು ಇಟ್ಟ ಹಣ, ಸುಳ್ಳು ಕಾಗದ ಪತ್ರ ಇವು ಸಿಕ್ಕಿಬಿದ್ದರೆ ಮುಂದೆ ಆ ದೇಶದ ಬಾಗಿಲೇ ಮುಚ್ಚಬಹುದು.

ಶಾಲೆಯೇ ಮುಚ್ಚಿದರೆ?

ನೆವಾಡಾ ರಾಜ್ಯದ ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ ಎಂಬ ದೊಡ್ಡ ಶಾಲೆ 2008ರ ಫೆಬ್ರವರಿಯಲ್ಲಿ ಒಮ್ಮೆಲೇ ಬಾಗಿಲು ಹಾಕಿ ದಿವಾಳಿಯಾಯಿತು. ಅಲ್ಲಿ ಕೋರ್ಸಿಗೆ ಸುಮಾರು 70 ಸಾವಿರ ಡಾಲರಿನಷ್ಟು ಹಣವನ್ನು ಸಾಲ ಮಾಡಿ ಮುಂಗಡ ಕಟ್ಟಿದ ವಿದ್ಯಾರ್ಥಿಗಳು ಲೈಸನ್ಸೂ ಇಲ್ಲದೆ, ಹಣವೂ ಇಲ್ಲದೆ ಉಳಿದರು. ಸಾಲ ಮಾತ್ರ ಉಳಿಯಿತು. ಆ ದೇಶದ ಪ್ರಜೆಗಳಿಗೇ ಹೀಗಾದರೆ, ವೀಸಾ ಆ ಶಾಲೆಯ ಹೆಸರಿಗೇ ಅಂಟಿಕೊಂಡಿರುವ ವಿದೇಶಿ ವಿದ್ಯಾರ್ಥಿಯ ಪಾಡು ಇನ್ನೂ ಕಷ್ಟ. ಆದ್ದರಿಂದ ಇಡೀ ಹಣವನ್ನು ಒಂದೇ ಕಂತಿನಲ್ಲಿ ಎಂದಿಗೂ ಕಟ್ಟಬೇಡಿ. ಹಾರಿಸಿದಷ್ಟಕ್ಕೆ ಹಣ ಎಂಬುದು ಸುರಕ್ಷಿತ.

ಊರಿಗೆ ಮರಳಿದ ಮೇಲೆ

ಅಮೆರಿಕದ ಲೈಸನ್ಸ್ ಹಿಡಿದು ನೇರವಾಗಿ ಭಾರತದಲ್ಲಿ ಕೆಲಸಕ್ಕೆ ಸೇರಲಾಗುವುದಿಲ್ಲ. ಇಲ್ಲಿನ ವಿಮಾನಯಾನ ನಿರ್ದೇಶನಾಲಯವಾದ ಡಿಜಿಸಿಎಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ವೈದ್ಯಕೀಯ ತಪಾಸಣೆ ಮುಗಿಸಿ, ಭಾರತೀಯ ಲೈಸನ್ಸ್ ಪಡೆಯಬೇಕು. ಮುಂಬೈ ಕಡಲಿನ ತೈಲ ಬಾವಿಗಳಿಗೆ ಹಾರುವ, ಕೇದಾರನಾಥಕ್ಕೆ ಯಾತ್ರಿಕರನ್ನು ಒಯ್ಯುವ ಕಂಪನಿಗಳೂ ಅನುಭವದ ಗಂಟೆಗಳನ್ನೇ ಮೊದಲು ಕೇಳುತ್ತವೆ. ಹೀಗಿರುವಾಗ ಡಿಜಿಸಿಎಯ ಮೊದಲ ದರ್ಜೆಯ ವೈದ್ಯಕೀಯ ತಪಾಸಣೆಯನ್ನು ಹೊರಡುವ ಮುನ್ನವೇ ಮುಗಿಸಿಕೊಳ್ಳುವುದು ಜಾಣತನ. ದೃಷ್ಟಿಯದೋ ಕಿವಿಯದೋ ದೋಷ ಲಕ್ಷಗಟ್ಟಲೆ ಸುರಿದ ಮೇಲೆ ತಿಳಿದುಬಂದರೆ ಯಾರನ್ನು ದೂರುವುದು?

ಕೇಳಬೇಕಾದ ಪ್ರಶ್ನೆಗಳು

ಮುಂಗಡ ಕಟ್ಟುವ ಮುನ್ನ ಶಾಲೆಗೆ ಬರೆದು, ಬರಹದಲ್ಲೇ ಉತ್ತರ ಪಡೆದುಕೊಳ್ಳಿ:

1. ನೀವು ಕೊಡುವ ಐ-20 ಎಂ-1ಕ್ಕೋ, ಎಫ್-1ಕ್ಕೋ?
2. ಕೋರ್ಸ್ ಮುಗಿದಾಗ ಎಷ್ಟು ಗಂಟೆ ಆಗಿರುತ್ತದೆ? ಬೋಧಕರ ಲೈಸನ್ಸ್ ಅದರಲ್ಲಿ ಸೇರಿದೆಯೇ?
3. ಕಳೆದ ವರ್ಷಗಳಲ್ಲಿ ಎಷ್ಟು ವಿದೇಶಿ ವಿದ್ಯಾರ್ಥಿಗಳನ್ನು ನೀವೇ ಬೋಧಕರಾಗಿ ಇಟ್ಟುಕೊಂಡಿದ್ದೀರಿ?
4. ವೀಸಾ ಅಥವಾ ಟಿಎಸ್‌ಎ ಒಪ್ಪಿಗೆ ಸಿಗದಿದ್ದರೆ ಎಷ್ಟು ಹಣ ಹಿಂದೆ ಕೊಡುತ್ತೀರಿ?
5. ಹವಾಮಾನ ಕೆಟ್ಟು ಅಥವಾ ಹೆಲಿಕಾಪ್ಟರ್ ದುರಸ್ತಿಯಲ್ಲಿದ್ದು ಅವಧಿ ಮುಗಿದರೆ ವೀಸಾ ವಿಸ್ತರಣೆಗೆ ನೆರವಾಗುತ್ತೀರಾ?

ಈ ಐದು ಪ್ರಶ್ನೆಗಳಿಗೆ ನೇರ ಉತ್ತರ ಕೊಡುವ ಶಾಲೆಯನ್ನು ನಂಬಬಹುದು. 'ಮೊದಲು ಬನ್ನಿ, ಆಮೇಲೆ ನೋಡೋಣ' ಎನ್ನುವವರಿಂದ ದೂರ ಇರುವುದೇ ಲೇಸು.

ಮಕ್ಕಳ ಕನಸಿಗೆ ತಣ್ಣೀರೆರಚುವುದು ಈ ಲೇಖನದ ಉದ್ದೇಶವಲ್ಲ. ನಮ್ಮ ಊರಿನ ಹುಡುಗ ಹುಡುಗಿಯರು ಹೆಲಿಕಾಪ್ಟರ್ ಹಾರಿಸುವುದು ಸಂತೋಷದ ವಿಷಯವೇ. ಆದರೆ ಮಗ ಅಥವಾ ಮಗಳು ಹಾರುವುದು ಹೆತ್ತವರ ಹೆಗಲ ಮೇಲಿನ ಸಾಲದಿಂದ. ಆ ಸಾಲ ತೀರಿಸಲು ಲೈಸನ್ಸ್ ಒಂದೇ ಸಾಲದು, ಗಂಟೆಗಳು ಬೇಕು. ಗಂಟೆಗಳಿಗೆ ದುಡಿಯುವ ಅನುಮತಿ ಬೇಕು. ಅದನ್ನು ಕೇಳಿ ತಿಳಿಯುವ ಸಮಯ ಹಣ ಕಟ್ಟುವ ಮೊದಲು, ಕಟ್ಟಿದ ಮೇಲಲ್ಲ.