ಕೀಮೋಗೆ ಮುನ್ನ ಕೇಳಬೇಕಾದ ಮೂರನೆಯ ಪ್ರಶ್ನೆ

ಸೂರತ್‌ನಲ್ಲಿರುವ ನನ್ನ ಅಕ್ಕನ ಮಗನಿಗೆ ಇಪ್ಪತ್ತಾರನೇ ವಯಸ್ಸಿಗೆ ವೃಷಣದ ಕ್ಯಾನ್ಸರ್ ಎಂದು ಗೊತ್ತಾಯಿತು. ಮನೆಯವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ: ಹುಡುಗ ಉಳಿಯುತ್ತಾನೆಯೇ? ಖರ್ಚೆಷ್ಟು? ದೇವರ ದಯೆ, ಹುಡುಗ ಉಳಿದ. ಮೂರನೆಯ ಪ್ರಶ್ನೆ ನೆನಪಾದದ್ದು ಹೆಣ್ಣು ನೋಡುವ ಮಾತು ಬಂದಾಗ. ಅಷ್ಟರಲ್ಲಿ ಕೀಮೋ ಮುಗಿದಿತ್ತು. ಪರೀಕ್ಷೆಯಲ್ಲಿ ವೀರ್ಯಾಣುಗಳೇ ಕಾಣಲಿಲ್ಲ. "ಮೊದಲೇ ಯಾರೂ ಹೇಳಲಿಲ್ಲ ಕಣೋ" ಎಂದು ಅಕ್ಕ ಅತ್ತಳು. ನಾವೂ ಕೇಳಿರಲಿಲ್ಲ.

ಕೀಮೋ ಔಷಧಿ ಬೇಗ ಬೇಗ ವಿಭಜನೆಯಾಗುವ ಜೀವಕೋಶಗಳನ್ನು ಕೊಲ್ಲುತ್ತದೆ. ಕ್ಯಾನ್ಸರ್ ಕೋಶಗಳಂತೆ ಕೂದಲಿನ ಬುಡದ ಕೋಶಗಳೂ ವೀರ್ಯಾಣು ತಯಾರಿಸುವ ಕೋಶಗಳೂ ಅದಕ್ಕೆ ಸಿಕ್ಕಿಬೀಳುತ್ತವೆ. ಒಂದು ವೀರ್ಯಾಣು ತಯಾರಾಗಲು ಸುಮಾರು 70-75 ದಿನ ಬೇಕು. ಮೂಲಕೋಶಗಳು ಉಳಿದಿದ್ದರೆ ಒಂದೆರಡು ವರ್ಷಗಳಲ್ಲಿ, ಕೆಲವರಿಗೆ ಇನ್ನೂ ತಡವಾಗಿ, ಉತ್ಪತ್ತಿ ಮರಳಬಹುದು. ಸಿಸ್‌ಪ್ಲಾಟಿನ್ ಪಡೆದ ಹಲವರಿಗೆ ಹೀಗೆ ಮರಳುತ್ತದೆ. ಸೈಕ್ಲೋಫಾಸ್ಫಮೈಡ್, ಪ್ರೊಕಾರ್ಬಜೀನ್ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಶಾಶ್ವತ ಬಂಜೆತನದ ಅಪಾಯ ಹೆಚ್ಚು. ಬಂಜೆತನವೆಂದರೆ ಪುರುಷತ್ವ ಹೋಯಿತು ಎಂದಲ್ಲ. ಇವೆರಡನ್ನೂ ಒಂದೇ ಎಂದು ತಿಳಿದು ಹುಡುಗರು ಒಳಗೊಳಗೇ ಕೊರಗುತ್ತಾರೆ.

ಪರಿಹಾರ ಸರಳ: ಮೊದಲ ಡೋಸ್‌ಗೆ ಮುನ್ನ ವೀರ್ಯವನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ, ಕಾಯ್ದಿಡುವುದು. ಸಾಮಾನ್ಯವಾಗಿ ಒಂದೆರಡು ದಿನದ ಕೆಲಸ. ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1996ರಲ್ಲಿ ಕೀಮೋಗೆ ಮುನ್ನ ಹೀಗೆ ಮಾಡಿದ್ದರಿಂದಲೇ 1999ರಲ್ಲಿ ಮಗನ ತಂದೆಯಾದರು. ಗುಜರಾತಿಗೂ ಈ ವಿದ್ಯೆ ಹೊಸದಲ್ಲ. ಖೇಡಾ ಜಿಲ್ಲೆಯ ಬಿಡಜ್‌ನಲ್ಲಿ ಸಾಬರಮತಿ ಆಶ್ರಮ ಗೋಶಾಲೆಯವರು ಹೋರಿಗಳ ವೀರ್ಯವನ್ನು ಹೀಗೆಯೇ ಶೇಖರಿಸುತ್ತಾರೆ. ಹೋರಿಗೆ ಇರುವ ಈ ಅನುಕೂಲವನ್ನು ಹೆತ್ತ ಮಗನಿಗಾಗಿ ಕೇಳಲು ನಮಗೆ ನಾಚಿಕೆ!

ಅಹಮದಾಬಾದಿನ ಅಸಾರ್ವಾದಲ್ಲಿ 1972ರಲ್ಲಿ ಸ್ಥಾಪನೆಯಾದ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಿರಲಿ, ವಡೋದರಾ, ಸೂರತ್‌ನ ಆಸ್ಪತ್ರೆಗಳಿರಲಿ, ಎಲ್ಲಿಗೆ ಹೋದರೂ ಈ ಪ್ರಶ್ನೆಯನ್ನು ನೀವೇ ಕೇಳಿ. 2021ರ ಕಾಯ್ದೆಯಂತೆ ವೀರ್ಯ ಬ್ಯಾಂಕುಗಳು ನೋಂದಣಿಯಾಗಿರಬೇಕು, ಅದನ್ನೂ ವಿಚಾರಿಸಿ. ಕೀಮೋ ಮುಗಿದ ಮೇಲೂ ಮಗುವಿಗೆ ಎಷ್ಟು ಕಾಲ ಕಾಯಬೇಕೆಂದು ವೈದ್ಯರಿಂದ ತಿಳಿಯಿರಿ.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಠೇವಣಿ ರಸೀದಿ ಬರೆದವನು ನಾನು. ಇಟ್ಟಿದ್ದರೆ ತಾನೇ ತೆಗೆಯುವುದು? ನಮ್ಮ ಹುಡುಗ ಈಗಲೂ ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುತ್ತಿದ್ದಾನೆ. ನೋಡಿದ ಹೆಣ್ಣಿನ ಮನೆಯವರಿಗೆ ಎಲ್ಲವನ್ನೂ ತಾನೇ ಹೇಳಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಸಂಘದ ಬಂಧುಗಳೇ, ನಿಮ್ಮ ಮನೆಯಲ್ಲಿ ಇಂಥ ಕಷ್ಟ ಬಾರದಿರಲಿ. ಬಂದರೆ ಮೂರನೆಯ ಪ್ರಶ್ನೆಯನ್ನು ಮೊದಲ ದಿನವೇ ಕೇಳಿ.