21 ದಿನದ ಲೆಕ್ಕ, ವಾರದ ಹಿಂದಿನ ಪಾಪ್‌ಕಾರ್ನ್

ಸಿಹಿ ಬಿಟ್ಟು 21 ದಿನ ಕಳೆದರೆ ಮುಂದೆ ತಾನಾಗಿಯೇ ರೂಢಿಯಾಗುತ್ತದಂತೆ, ಹೌದೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಅವರು ಆ ಗಡಿ ದಾಟಿಯಾಗಿದೆ; ಸಂಜೆಯ ಚಹಾ ಬಂದಾಗ ಬಿಸ್ಕತ್ತಿನ ಡಬ್ಬಿ ಈಗಲೂ ಕರೆಯುತ್ತದಂತೆ. ಅವರ ನಾಲಿಗೆಯನ್ನು ದೂರುವ ಮುನ್ನ ಈ 21ರ ಜಾತಕ ನೋಡಬೇಕು.

ಅದು ಹುಟ್ಟಿದ್ದು ಆಪರೇಷನ್ ಥಿಯೇಟರಿನಲ್ಲಿ. ಮೂಗು ತಿದ್ದಿಸಿಕೊಂಡವರಿಗೆ ಕನ್ನಡಿಯಲ್ಲಿ ಕಾಣುವ ಮುಖ ತಮ್ಮದೇ ಅನ್ನಿಸಲು ಸುಮಾರು ಮೂರು ವಾರ ಹಿಡಿಯುವುದನ್ನು ನ್ಯೂಯಾರ್ಕಿನ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಗಮನಿಸಿದ್ದರು. ಹೊಸ ಮನೆ ‘ನಮ್ಮನೆ’ ಅನ್ನಿಸಲೂ ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕು ಎಂದು 1960ರ ‘ಸೈಕೋ ಸೈಬರ್ನೆಟಿಕ್ಸ್’ ಪುಸ್ತಕದಲ್ಲಿ ಬರೆದರು. ಅವರು ಹೇಳಿದ್ದು ಕನಿಷ್ಠ ಸುಮಾರು 21 ದಿನ ಎಂದು. ಬಾಯಿಂದ ಬಾಯಿಗೆ ಹೋಗುವಾಗ ‘ಕನಿಷ್ಠ’ ಉದುರಿತು, ‘ಸುಮಾರು’ ಉದುರಿತು. ಮೂಗಿನ ಮಾತು ಊಟಕ್ಕೆ ಅಂಟಿಕೊಂಡಿತು. ‘21 ದಿನಗಳ ಡಯಟ್ ಚಾಲೆಂಜ್’ ಮಾರುವವರಿಗೂ ಈ ಮೂಗಿನ ಕಥೆ ಗೊತ್ತಿರಲಿಕ್ಕಿಲ್ಲ.

ರೂಢಿಯನ್ನೇ ಅಳೆಯಲು ಹೊರಟವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು. 96 ಮಂದಿ ತಮಗೆ ಬೇಕಾದ ಒಂದೊಂದು ಅಭ್ಯಾಸ ಆರಿಸಿಕೊಂಡರು: ಮಧ್ಯಾಹ್ನದ ಊಟದ ಜೊತೆ ಒಂದು ಹಣ್ಣು, ರಾತ್ರಿ ಊಟಕ್ಕೆ ಮುಂಚೆ ಹದಿನೈದು ನಿಮಿಷದ ಓಟ, ಇಂಥವು. ಯೋಚಿಸದೆಯೇ ಮಾಡುವಷ್ಟು ಸಲೀಸಾಯಿತೇ ಎಂದು 84 ದಿನ ವರದಿ ಒಪ್ಪಿಸಿದರು. ನಡುವಿನ ಲೆಕ್ಕ 66 ದಿನ ಬಂತು. ಒಬ್ಬರಿಗೆ 18 ಸಾಕಾಯಿತು, ಇನ್ನೊಬ್ಬರಿಗೆ 254 ಬೇಕು ಎಂದಾಯಿತು. 84 ದಿನದ ಪ್ರಯೋಗದಲ್ಲಿ 254 ಹೇಗೆ ಬಂತು ಎನ್ನುತ್ತೀರಾ? ಗ್ರಾಫಿನ ಗೆರೆಯನ್ನು ಗಣಿತದಿಂದ ಮುಂದಕ್ಕೆ ಎಳೆದು. ಆ ಗೆರೆ ಚೆನ್ನಾಗಿ ಹೊಂದಿದ್ದೂ 39 ಜನರಿಗೆ ಮಾತ್ರ. ಹಾಗಾಗಿ 21ನ್ನು ಇಳಿಸಿ ಆ ಜಾಗದಲ್ಲಿ 66ನ್ನು ಕೂರಿಸುವವರನ್ನೂ ನಾನು ನಂಬುವುದಿಲ್ಲ.

ನನಗೆ ಹಿಡಿಸಿದ್ದು ಆ ಗೆರೆಯ ಆಕಾರ. ಹೊಸ ಬೀಡುಕಬ್ಬಿಣದ ದೋಸೆ ಕಾವಲಿ ಪಳಗಿಸಿದವರಿಗೆ ಅದು ಗೊತ್ತು. ಮೊದಲ ದೋಸೆ ಏಳುವುದೇ ಇಲ್ಲ. ಎಣ್ಣೆ ಸವರಿ ಕಾಯಿಸಿದ ಹಾಗೆಲ್ಲ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಕಬ್ಬಿಣದ ಮೇಲೆ ಗಟ್ಟಿ ಪೊರೆ ಕಟ್ಟುತ್ತವೆ. ಮೊದಮೊದಲ ಪೊರೆಗಳಿಂದ ಆಗುವ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಐವತ್ತನೆಯದು ಬಂದದ್ದೇ ತಿಳಿಯುವುದಿಲ್ಲ. ಲಾಲಿಯವರ ಗೆರೆಯೂ ಹಾಗೆ, ಮೊದಲು ಸರಸರನೆ ಏರಿ ಆಮೇಲೆ ನಿಧಾನಕ್ಕೆ ಮಟ್ಟಸವಾಗುತ್ತದೆ. ಇಂಥ ದಿನ ಪಳಗಿತು ಎಂದು ಪಂಚಾಂಗದಲ್ಲಿ ಗುರುತು ಹಾಕಲಾಗದು. ನಡುವೆ ಒಂದು ದೋಸೆ ಸೀದರೆ ಕೆರೆದು, ಎಣ್ಣೆ ಸವರಿ, ಮುಂದಿನದು ಹುಯ್ಯುತ್ತೇವೆ. ಲಾಲಿಯವರ ಪ್ರಯೋಗದಲ್ಲಿಯೂ ಒಂದು ದಿನ ತಪ್ಪಿದ್ದರಿಂದ ರೂಢಿಗೆ ಹೇಳಿಕೊಳ್ಳುವಂಥ ಧಕ್ಕೆ ಆಗಿರಲಿಲ್ಲ. (ನಾನ್‌ಸ್ಟಿಕ್ ಕೊಂಡರೆ ಹೇಗೆ ಎಂದು ಕೇಳಬೇಡಿ.)

ಧಕ್ಕೆ ಬರುವುದು ತಪ್ಪಿದ ಮೇಲಿನ ಲೆಕ್ಕಾಚಾರದಿಂದ. 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಕಾಲೇಜು ಹುಡುಗಿಯರಿಗೆ ಮಿಲ್ಕ್‌ಶೇಕ್ ಕುಡಿಸಿ, ರುಚಿ ಪರೀಕ್ಷೆಯ ನೆಪದಲ್ಲಿ ಐಸ್‌ಕ್ರೀಂ ಮುಂದಿಟ್ಟರು. ಪಥ್ಯದ ಗೊಡವೆಗೆ ಹೋಗದವರು ಹೊಟ್ಟೆ ತುಂಬಿತೆಂದು ಕಡಿಮೆ ತಿಂದರು. ಸದಾ ಪಥ್ಯ ಮಾಡುವವರು ಮಿಲ್ಕ್‌ಶೇಕ್ ಕುಡಿದ ಮೇಲೆಯೇ ಜಾಸ್ತಿ ತಿಂದರು! ಮದುವೆಮನೆಯಲ್ಲಿ ಒಂದು ಹೋಳಿಗೆ ಇಳಿದ ಮೇಲೆ “ಇವತ್ತು ಹೇಗೂ ಕೆಟ್ಟಿತು, ಇನ್ನೊಂದು ಬಡಿಸಿ” ಎನ್ನುವುದಿಲ್ಲವೇ, ಅದೇ. ಸತತ ದಿನಗಳನ್ನು ಎಣಿಸಿ, ಒಂದು ತಪ್ಪಿದರೆ ಸೊನ್ನೆಗೆ ಇಳಿಸುವ ಮೊಬೈಲ್ ಆ್ಯಪ್‌ಗಳು ಈ ಹೋಳಿಗೆ ನ್ಯಾಯಕ್ಕೆ ಇಂಬು ಕೊಡುತ್ತವೆಂಬುದು ನನ್ನ ಗುಮಾನಿ.

ಇನ್ನು ಡಬ್ಬಿ ಕರೆಯುವುದೇಕೆ? 2011ರಲ್ಲಿ ಡೇವಿಡ್ ನೀಲ್, ವೆಂಡಿ ವುಡ್ ಮತ್ತಿತರರು ಸಿನಿಮಾ ನೋಡಲು ಬಂದವರಿಗೆ ಪಾಪ್‌ಕಾರ್ನ್ ಕೊಟ್ಟರು: ಕೆಲವರಿಗೆ ತಾಜಾ, ಕೆಲವರಿಗೆ ಏಳು ದಿನ ಹಳೆಯದು. ಸಿನಿಮಾ ಎಂದರೆ ಪಾಪ್‌ಕಾರ್ನ್ ಎಂದು ರೂಢಿಯಾದವರು ಹಳತನ್ನು ರುಚಿಯಿಲ್ಲ ಎನ್ನುತ್ತಲೇ ತಾಜಾದಷ್ಟೇ ಮುಕ್ಕಿದರು. ಮೀಟಿಂಗ್ ಕೋಣೆಯಲ್ಲಿ ಕೂರಿಸಿ ಸಂಗೀತದ ವಿಡಿಯೊ ತೋರಿಸಿದಾಗ ಹಾಗಾಗಲಿಲ್ಲ. ಕೈಯನ್ನು ಓಡಿಸುತ್ತಿದ್ದದ್ದು ಆ ಕತ್ತಲು, ಆ ಸೀಟು; ಮನೆಯಲ್ಲಿ ಆ ಕೆಲಸ ಚಹಾ ಲೋಟದ್ದು. ಮತ್ತೊಂದು ಸುತ್ತಿನಲ್ಲಿ, ಅದೇ ಥಿಯೇಟರಿನ ವಾತಾವರಣದಲ್ಲಿ, ರೂಢಿಯಿಲ್ಲದ ಕೈಯಲ್ಲಿ ತಿನ್ನಿ ಎಂದರು. ಆಗ ಹಳೆಯ ಪಾಪ್‌ಕಾರ್ನ್ ಖರ್ಚಾಗುವುದು ಕಡಿಮೆಯಾಯಿತು.

ಅದಕ್ಕಾಗಿ ಮುದ್ದೆಯನ್ನು ಎಡಗೈಯಲ್ಲಿ ಮುರಿಯಬೇಕಿಲ್ಲ. ಚಹಾ ಕುಡಿಯುವ ಜಾಗ ಬದಲಿಸಬಹುದು, ಡಬ್ಬಿಯನ್ನು ಅಟ್ಟಕ್ಕೆ ಏರಿಸಬಹುದು. ಹೊಸ ರೂಢಿಗೂ ಚಹಾ ಲೋಟದಂಥದೇ ಒಂದು ಗೂಟ ಬೇಕು. ‘ಇನ್ನು ಮೇಲೆ ತರಕಾರಿ ಜಾಸ್ತಿ’ ಎಂಬ ಸಂಕಲ್ಪಕ್ಕೆ ಹೊತ್ತೂ ಇಲ್ಲ, ಜಾಗವೂ ಇಲ್ಲ; ತಟ್ಟೆಗೆ ಅನ್ನ ಬೀಳುವ ಮೊದಲು ಕೋಸಂಬರಿ ಎಂದರೆ ಎರಡೂ ಇವೆ.